ವಿಭೂತಿ ಬಳಿದ ಕೀಬೋರ್ಡ್

ಕೀಬೋರ್ಡಿಗೆ ವಿಭೂತಿ ಬಳಿದದ್ದು ಅಮ್ಮ. ನನಗೆ ಸಿಟ್ಟು ಬಂದದ್ದು ಮಾತ್ರ ಅಪ್ಪನ ಮೇಲೆ. ಅದೇನು ಒಂದು ದಿನದ ಸಿಟ್ಟಲ್ಲ.

ಅಪ್ಪ ಏಕಾಂತಯ್ಯ, ನಮ್ಮೂರು ಕೆ. ಹೊಸಕೋಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಈಗ ಅಲ್ಲೇ ನಾನು ಪಂಪ್‌ಸೆಟ್ ಸ್ಟಾರ್ಟರ್, ಯುಪಿಎಸ್ ರಿಪೇರಿ ಮಾಡುತ್ತೇನೆ. ಮದುವೆಗೂ ಮೊದಲು ಅಪ್ಪ ಬಿಡಿಭಾಗ ತರಿಸಿ, ತಾವೇ ಬೆಸುಗೆ ಹಾಕಿ ಕಟ್ಟಿದ ಕಂಪ್ಯೂಟರೊಂದು ಮನೆಯಲ್ಲಿದೆ. ತಟ್ಟೆಯಗಲದ ಬೋರ್ಡು, ಕ್ಯಾಲ್ಕುಲೇಟರಿನಂಥ ಒಂದಿಷ್ಟು ಗುಂಡಿ, ಕೆಂಪು ಅಂಕಿ ತೋರಿಸುವ ಕಿಂಡಿ. ಪ್ರೋಗ್ರಾಂ ಬರೆಯಬೇಕೆಂದರೆ ಎಲ್ಲವನ್ನೂ ಅಂಕಿಯಾಗಿಸಿ ಒತ್ತಬೇಕು. ಜೀವಮಾನವೆಲ್ಲ ಹಾಗೇ ಒತ್ತಿದರು. ಹೋದ ವರ್ಷ ಲಕ್ವ ಹೊಡೆದು ಬಲಗೈಯ ಹಿಡಿತ ತಪ್ಪಿತು. ಒಂದು ಗುಂಡಿ ಒತ್ತಲು ಹೋದರೆ ಎರಡು ಒತ್ತಿಹೋಗುತ್ತಿದ್ದವು. ಒಂದು ದಿನ ಬೋರ್ಡನ್ನು ಬೀರುವಿಗೆ ತಳ್ಳಿದವರು ಗೋಡೆ ನೋಡುತ್ತ ಕೂತುಬಿಟ್ಟರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಸಕಲೇಶಪುರದಲ್ಲಿ ಮುಚ್ಚಿಹೋದ ಟೈಪಿಂಗ್ ಸೆಂಟರಿನಿಂದ ದಪ್ಪ ಕೀಗಳ ಹಳೆಯ ಕೀಬೋರ್ಡ್ ತಂದೆ. ಅದು ಹೇಳುವುದು ಆ ಮುದಿ ಬೋರ್ಡಿಗೆ ಅರ್ಥವಾಗಬೇಕಲ್ಲ; ನಡುವೆ ಇನ್ನೊಂದು ಸಣ್ಣ ಬೋರ್ಡ್ ಕೂರಿಸಿ, ತಂತಿ ಬೆಸೆದು, ಹಳೆಯ ಟೀವಿಗೆ ಜೋಡಿಸಿದೆ. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಿತು. ಖುಷಿಯಿಂದ ಅಪ್ಪನನ್ನು ಕರೆದೆ.

“ಯಾರ್ ಕೇಳಿದ್ರು ನಿನ್ನ? ನನ್ ಬೋರ್ಡಿಗೆ ತೂತು ಹೊಡ್ದ್‌ಬುಟ್ಯಲ್ಲೇ!”

“ಎರಡೇ ತೂತು ಅಪ್ಪಾಜಿ. ದೊಡ್ಡ ಕೀ, ಕೈಗೆ ಸಿಗ್ತವೆ.”

“ನನ್ ಕೈಗೇನಾಗೈತೆ? ನಾನೇನ್ ಟೈಪಿಸ್ಟಾ? ಮುಟ್ಟಲ್ಲ ಕಣೇ.”

ಮೈಯೆಲ್ಲ ಉರಿಯಿತು. “ಗೋಡೆ ನೋಡ್ಕಂಡೇ ಕೂತ್ಕಳಿ ಹಂಗಾದ್ರೆ” ಎಂದುಬಿಟ್ಟೆ. ಆಮೇಲೆ ನಮ್ಮಿಬ್ಬರಿಗೂ ಮಾತಿಲ್ಲ. ಕೀಬೋರ್ಡ್ ನಡುಮನೆಯ ಮೇಜಿನ ಮೇಲೆ ಬಟ್ಟೆ ಹೊದ್ದುಕೊಂಡಿತ್ತು. ನಾನು ಬೆಳಿಗ್ಗೆ ಅಂಗಡಿಗೆ ಹೋದರೆ ಬರುವುದು ಸಂಜೆಗೆ.

ಆಯುಧಪೂಜೆ ಬಂತು. ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಅದು ಅಪ್ಪನದೇ ಕಟ್ಟಪ್ಪಣೆ. ಒಮ್ಮೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೀಪಿನಲ್ಲಿ ಬಂದು ರಿಪೇರಿಗಾಗಿ ಅಂಗಲಾಚಿದರೂ ಅವರು ಸ್ಕ್ರೂಡ್ರೈವರ್ ಎತ್ತಿರಲಿಲ್ಲ. ಅಮ್ಮ ಪಾರ್ವತಮ್ಮ ಇಕ್ಕಳ, ಸ್ಕ್ರೂಡ್ರೈವರ್, ಸ್ಕೂಟರ್ ಎಲ್ಲ ತೊಳೆದಳು. ನೀರಿನಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಲ್ಲಿ ಎಳೆಯುತ್ತ ಬಂದವಳು ಕೀಬೋರ್ಡನ್ನೂ ಬಿಡಲಿಲ್ಲ. ಒಂದೊಂದು ಕೀಗೂ ಮೂರು ಪಟ್ಟೆ, ಮೇಲೊಂದು ಚೆಂಡುಹೂ. ವಿಭೂತಿ ಸಂದುಗೊಂದುಗಳಿಗೆಲ್ಲ ಇಳಿದು ಗಾರೆಯ ಹಾಗೆ ಕೂತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕೂಗಾಡಿದರು. “ಏನ್ ಮಾಡ್ಬುಟ್ಟೆ ಮಾರಾಯ್ತಿ! ಒಂದ್ ಕೀನೂ ಇಳೀತಿಲ್ಲ. ನೆನ್ನೆ ಎಷ್ಟ್ ಚೆನ್ನಾಗಿತ್ತು!”

“ನೆನ್ನೆ?” ಎಂದೆ. “ಮುಟ್ಟಲ್ಲ ಅಂದಿದ್ರಲ್ಲ?”

ಅಪ್ಪ ಗೋಡೆಯತ್ತ ತಿರುಗಿದರು. ನನಗೆ ಇನ್ನಷ್ಟು ಉರಿಯಿತು. ಇಷ್ಟು ದಿನ ನಾನಿಲ್ಲದಾಗ ಕೀಬೋರ್ಡ್ ಒತ್ತುವುದು, ನಾನು ಬಂದ ಕೂಡಲೇ ಗೋಡೆ ನೋಡುವುದು! ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

“ನಾಳೆ ಬಿಚ್ಚಿ ತೊಳಿತೀನಿ. ಇವತ್ತು ಮುಟ್ಟಂಗಿಲ್ಲ, ನಿಮ್ದೇ ರೂಲ್ಸು” ಎಂದೆ, ಬೇಕೆಂದೇ.

ಅಪ್ಪ ಕಾಲೆಳೆದುಕೊಂಡು ಪೂಜೆಯ ಮಣೆಯ ಬಳಿ ಹೋದರು. ಹೂ ಸರಿಸಿ, ಸ್ಕ್ರೂಡ್ರೈವರ್ ಎತ್ತಿ ತಂದು ನನ್ನ ಕೈಗೆ ತುರುಕಿದರು. ಹಸಿ ಕುಂಕುಮ ಅಂಗೈಗೆ ಹತ್ತಿತು.

“ರೀ, ಪೂಜೆಗಿಟ್ಟಿದ್ದು ಕಣ್ರೀ!” ಅಮ್ಮ ಚೀರಿದಳು.

“ಇರ್ಲಿ ಬಿಡೇ!” ಅಪ್ಪ ಗುಡುಗಿದರು. “ಬಿಚ್ಚೇ ಮಾನಸಾ. ನನ್ ಪ್ರೋಗ್ರಾಂ ಇನ್ನೂ ಅರ್ಧ ಐತೆ.”