ಜುಮ್ಮೆನ್ನುವ ಕಂಬಿ

ಅತ್ತೆಯ ಮೊಣಕಾಲು ನೋವು ವಾಸಿಯಾದ ಸುದ್ದಿ ಎಲೆಕ್ಟ್ರಿಷಿಯನ್‌ಗೆ ತಲುಪಿದ್ದು ಊಟಕ್ಕೆ ಕೂತಾಗ, ಹೆಂಡತಿಯ ಬಾಯಿಂದ. ಬಾಲ್ಕನಿಯ ಗಿಡಗಳಿಗೆ ನೀರು ಹಾಕಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕಬ್ಬಿಣದ ಕಂಬಿ ಹಿಡಿದರೆ ಮೈಯೆಲ್ಲ ಜುಮ್ಮೆನ್ನುತ್ತದಂತೆ, ನೋವು ಹೇಳಹೆಸರಿಲ್ಲದಂತೆ ಹೋಗುತ್ತದಂತೆ. ಪಕ್ಕದ ಮನೆಯಾಕೆಯೂ ದಿನಾ ಬೆಳಗ್ಗೆ ಕಂಬಿ ಹಿಡಿಯಲು ಬರುತ್ತಿದ್ದಾಳೆ. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಬೆನ್ನುನೋವಿಗೂ ಆಗುತ್ತದೆಯೇ ಎಂದು ವಿಚಾರಿಸಿಕೊಂಡು ಹೋಗಿದ್ದಾರೆ.

ತುತ್ತು ತಟ್ಟೆಯಲ್ಲೇ ಉಳಿಯಿತು. ಯಾರೂ ಕಂಬಿ ಮುಟ್ಟಕೂಡದೆಂದು ಅತ್ತೆಗೆ ಫೋನಿನಲ್ಲಿ ಹೇಳುತ್ತಲೇ ಚೀಲ ಹೆಗಲಿಗೇರಿಸಿ ಓಡಿದ.

ಅತ್ತೆ ಮುಖ ಊದಿಸಿಕೊಂಡು ಬಾಗಿಲು ತೆರೆದರು. ತನಗೆ ಒಳ್ಳೆಯದಾದರೆ ಅಳಿಯನಿಗೇಕೆ ಹೊಟ್ಟೆಯುರಿ ಎಂದು ಕೇಳಿದರು. ಅವನು ಟೆಸ್ಟರ್ ಕಂಬಿಗೆ ತಾಗಿಸಿದ. ದೀಪ ಕೆಂಪಗೆ ಹೊತ್ತಿತು. ಮೇನ್ ಸ್ವಿಚ್ ಆರಿಸಿ ಬಂದು ಹೊರಗೋಡೆ ನೋಡಿದ. ಬಾಲ್ಕನಿ ದೀಪದ ವೈರಿಗೆ ಪೈಪಿಲ್ಲ. ಕಂಬಿಗೇ ದಾರದಿಂದ ಕಟ್ಟಿದ್ದಾರೆ. ಬಿಸಿಲಿಗೆ ಸಿಪ್ಪೆ ಸೀಳಿ ಒಳಗಿನ ತಾಮ್ರ ಇಣುಕುತ್ತಿದೆ.

"ಯಾವ ಪುಣ್ಯಾತ್ಮ ಮಾಡಿದ ಕೆಲಸ ಇದು?" ಎಂದರು ಅತ್ತೆ.

ಪುಣ್ಯಾತ್ಮ ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ, ಹೆಣ್ಣು ಒಪ್ಪಿಗೆಯಾದ ವಾರದಲ್ಲೇ, ಕೈಚಳಕ ತೋರಿಸುವ ಹುಮ್ಮಸ್ಸಿನಲ್ಲಿ ಅರ್ಧ ಗಂಟೆಯಲ್ಲಿ ದೀಪ ಹಾಕಿಕೊಟ್ಟು ಹೊಗಳಿಸಿಕೊಂಡಿದ್ದ. ಅತ್ತೆಗೆ ಅದು ಮರೆತೇ ಹೋಗಿತ್ತು. ಬೇರೆ ಯಾರ ತಲೆಗಾದರೂ ಕಟ್ಟಲು ನಾಲಿಗೆ ಹೊರಳಿತು. ಆದರೆ ಅತ್ತೆಯ ಪಾದಗಳು ಇನ್ನೂ ಒದ್ದೆಯಾಗಿದ್ದವು.

"ನಾನೇ, ಅತ್ತೆ. ಮದುವೆಗೆ ಮುಂಚೆ."

ಅವರು ಕುರ್ಚಿ ಎಳೆದುಕೊಂಡು ಕೂತರು. "ಅಂದ್ರೆ ಒಂಬತ್ತು ವರ್ಷದಿಂದ ನನಗೆ ಹೊಂಚು ಹಾಕಿದ್ರಿ ಅನ್ನಿ."

ಅವನು ತಲೆ ತಗ್ಗಿಸಿ ಕೆಲಸಕ್ಕಿಳಿದ. ಹೊಸ ವೈರು ಪೈಪಿನೊಳಗೆ ಹೋಯಿತು, ಪೈಪು ಕಂಬಿಯಿಂದ ದೂರ ಗೋಡೆಗೆ ಅಂಟಿತು. ಜೋಡಣೆಗಳು ನೀರಿಳಿಯದ ಡಬ್ಬಿ ಸೇರಿದವು. ಕಂಬಿಗೆ ಅರ್ಥಿಂಗ್ ಕೊಟ್ಟ. ಕರೆಂಟು ಚೂರು ಸೋರಿದರೂ ತಾನಾಗಿ ಆರುವ ಸ್ವಿಚ್ಚನ್ನು ಬೋರ್ಡಿನಲ್ಲಿ ಕೂರಿಸಿದ. ಅತ್ತೆ ಒಂದೊಂದಕ್ಕೂ ಯಾಕೆ, ಏನು ಎಂದು ಕೇಳಿ, ಮರುಪ್ರಶ್ನೆ ಹಾಕಿ ಅವನ ಬೆವರಿಳಿಸಿದರು.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಪಕ್ಕದ ಮನೆಯಾಕೆ ದೀಪದ ವೈರಿನ ಮೇಲೆ ಟವೆಲ್ ಒಣಗಿಸುವುದು ಮೊದಲು ಸಿಕ್ಕಿಬಿತ್ತು. ಮೇಷ್ಟ್ರನ್ನಂತೂ ಅವರದೇ ಹೊರಗೋಡೆಯ ಬರಿ ವೈರು ತೋರಿಸಿ, ಅವರ ಬಾಗಿಲಲ್ಲೇ ನಿಲ್ಲಿಸಿ ದಬಾಯಿಸಿದರು. ಕುಂಟುತ್ತಲೇ ನಾಲ್ಕೂ ಮಹಡಿ ಸುತ್ತಿ, ಅಳಿಯ ಈಗಲೇ ಬರುತ್ತಾನೆಂದು ಎಲ್ಲರಿಗೂ ಮಾತು ಕೊಟ್ಟರು.

ಸಂಜೆ ಹೆಂಡತಿ ಫೋನ್ ಮಾಡಿ ಮನೆಗೆ ಎಷ್ಟೊತ್ತಿಗೆ ಬರುತ್ತೀರೆಂದು ಕೇಳಿದಾಗ ಅವನು ಐದನೇ ಮನೆಯ ಏಣಿಯ ಮೇಲಿದ್ದ.

"ನಿಮ್ಮಮ್ಮನ್ನ ಕೇಳು," ಎಂದ.