ಮುರಿಯದಿದ್ದ ಕಾಲು

ಮಂಚಕ್ಕೆ ಕಟ್ಟುವ ಹಗ್ಗದ ಮೊದಲ ಸುತ್ತು ಬಿಗಿಯುವಷ್ಟರಲ್ಲಿ ಕೆಂಚಮ್ಮ ಮಗನ ಮುಖಕ್ಕೆ ಉಗಿದಳು. ನಂಜುಂಡ ತೋಳಿನಲ್ಲಿ ಒರೆಸಿಕೊಂಡು ಎರಡನೆಯ ಸುತ್ತು ಹಾಕಿದ.

"ನಾನೇನು ದನವೇನ್ಲಾ, ಕಟ್ಟಾಕಕೆ?"

"ದನನಾದ್ರೂ ಏಳ್ದಂಗೆ ಕೇಳ್ತದೆ. ಮಲಿಕ್ಕವ್ವ."

ಪಣಕಹಳ್ಳಿಯ ಜೋಳದ ಹೊಲದಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದಾಗ ಕಾಡುಹಂದಿ ಗುದ್ದಿ ಅವಳ ಎಡತೊಡೆಯ ಮೂಳೆ ಮುರಿದು ಎರಡೂವರೆ ತಿಂಗಳಾಗಿತ್ತು. ರಾಜ್ಯದ ಗಡಿಯಾಚೆಯ ಆಸ್ಪತ್ರೆಯಲ್ಲಿ ಕೊಯ್ದು ರಾಡು ಹಾಕಿದರು. ಮೂಳೆಯೆಲ್ಲ ಟೊಳ್ಳಾಗಿದೆ ಎಂದು, ವರ್ಷಕ್ಕೆ ಒಂದೇ ಸಲ ಕೊಡುವ ಮದ್ದನ್ನು ಡ್ರಿಪ್ಪಿನಲ್ಲಿ ಇಳಿಸಿದರು. ದಿನಾ ನಿಲ್ಲಿಸಿ, ನಡೆಸಿ ಎಂದೂ ಹೇಳಿದರು. ಅದನ್ನು ಕೇಳಿಸಿಕೊಂಡವಳು ಸೊಸೆ ಕವಿತ. ನಂಜುಂಡನ ಕಿವಿಗೆ ಬಿದ್ದದ್ದು ಮದ್ದಿನ ಮಾತು ಮಾತ್ರ. ಅವರ ಕೇರಿಯಲ್ಲಿ ಮೂಳೆ ಮುರಿದವರು ಮೂರು ಅಮಾವಾಸ್ಯೆ ಕಳೆಯುವ ತನಕ ನೆಲ ಮೆಟ್ಟುವಂತಿಲ್ಲ. ಅವನಪ್ಪ ಎರಡನೆಯದಕ್ಕೇ ಎದ್ದು, ಅದೇ ಕಾಲನ್ನು ಮತ್ತೆ ಮುರಿದುಕೊಂಡು, ಕೀವಾಗಿ ಸತ್ತಿದ್ದ. ಅವ್ವ ಮತ್ತೆ ನಡೆಯಬೇಕು. ಅದಕ್ಕೇ ಈ ಹಗ್ಗ.

"ಒಳಗೆ ಮದ್ದು ಕೆಲ್ಸ ಮಾಡ್ತಾ ಅದೆ. ಇನ್ನೆಂಟು ದಿನ, ಅಷ್ಟೇಯ."

ಕವಿತ ಕುಡುಗೋಲು ಹಿಡಿದು ಒಳಗೆ ಬಂದವಳೇ ಹಗ್ಗ ಕೊಯ್ದಳು. "ನಿನ್ ಅಮಾಸೆಗಿಷ್ಟು ಬೆಂಕಿ ಆಕ! ಅತ್ತೆಮ್ಮನ ತೊಡೆ ನೋಡು, ನನ್ ಮುಂಗೈಯಷ್ಟಾಗದೆ."

ನಂಜುಂಡ ಬಾರಿಸಿದ. ಅವಳು ಒರಳಿನ ಮೇಲೆ ಬಿದ್ದಳು, ತುಟಿ ಸೀಳಿತು. ಎದ್ದು ಬಂದು ಕುಡುಗೋಲಿನ ಹಿಡಿಯಿಂದ ಅವನ ಬೆನ್ನಿಗೆ ಎರಡು ಬಿಟ್ಟಳು. ಅವನು ಅವಳ ಕುತ್ತಿಗೆಗೆ ಕೈ ಹಾಕಿದ. ಅಷ್ಟರಲ್ಲಿ ಕೆಂಚಮ್ಮ ಬಲಗಾಲನ್ನು ಮಂಚದಿಂದ ಕೆಳಗೆ ಬಿಟ್ಟಿದ್ದಳು.

ಹೆಂಡತಿಯನ್ನು ಬಿಟ್ಟು ಅವನು ಹಾರಿ ಅವ್ವನ ಮೊಣಕಾಲ ಕೆಳಗೆ ಹಿಡಿದ. ಅವಳು ಒದ್ದಳು. ಅವನು ತಿರುಚಿ ಮೇಲೆತ್ತಿದ. ಸದ್ದು ದೊಡ್ಡದೇನಲ್ಲ. ಕಿವಿಗಿಂತ ಮೊದಲು ಅಂಗೈಗೆ ತಿಳಿಯಿತು.

ಕೆಂಚಮ್ಮನ ಕೂಗಿಗೆ ಕೇರಿಯೆಲ್ಲ ಬಂದು ನಿಂತಿತು.

ಅದೇ ಆಸ್ಪತ್ರೆ, ಅದೇ ಡಾಕ್ಟರು. ಎಕ್ಸ್‌ರೇ ಬೆಳಕಿಗೆ ಹಿಡಿದರು.

"ಇದು ಒಳ್ಳೆ ಕಾಲು ಸಾ," ಎಂದ ನಂಜುಂಡ. "ಮದ್ದೂ ಆಕ್ಸಿದ್ದೊ."

"ಒಳ್ಳೆ ಕಾಲೇ ಆಗಿತ್ತು. ಭಾರ ಹೊರದೆ ಬಿದ್ದಿದ್ರೆ ಮೂಳೆ ಸವೆಯುತ್ತೆ. ಮದ್ದೊಂದೇ ಅದನ್ನ ಪೂರ್ತಿ ತಡೆಯಲ್ಲ. ಮಲಗಿಸಿದ್ದು ಯಾರು?"

ತುಟಿಗೆ ಹೊಲಿಗೆ ಹಾಕಿಸಿಕೊಂಡಿದ್ದ ಕವಿತ ಗಂಡನತ್ತ ತಿರುಗಿದಳು.

ಬಲಗಾಲಿಗೆ ಪ್ಲೇಟು ಹಾಕಿದ ಮೂರನೆಯ ದಿನ ನರ್ಸು ಬಂದು, ಎಡಗಾಲ ಮೇಲೆ ನಿಲ್ಲಿಸಿ ಎಂದಳು. ಕವಿತ ಮುಂದೆ ಬಂದರೆ ಕೆಂಚಮ್ಮ ತಳ್ಳಿದಳು.

"ಅವ್ನೇ ಎತ್ಲಿ."

"ನನ್ ಕೈ ಬ್ಯಾಡ ಕಣವ್ವ." ಅವನು ಗೋಡೆಗೆ ಒತ್ತಿಕೊಂಡ.

"ಬಾ ಇಲ್ಲಿ." ಹತ್ತಿರ ಬಂದವನ ಕೆನ್ನೆಗೆ ಎಳೆದು ಹೊಡೆದಳು. "ಮುರಿಯಕೆ ಆಯ್ತದೆ, ಎತ್ತಕಾಗಲ್ವಾ? ಎತ್ಲಾ!"

ಕಂಕುಳಿಗೆ ಕೈ ಕೊಟ್ಟು ಎತ್ತಿದ. ಎಡ ಅಂಗಾಲು ನೆಲಕ್ಕೆ ತಾಗಿತು. ಭಾರ ಇಳಿಯುತ್ತಿದ್ದಂತೆ ಅವಳು ಅವನ ಭುಜಕ್ಕೆ ಬಾಯಿ ಹಾಕಿ ಕಚ್ಚಿದಳು. ಅಂಗಿಯ ಮೇಲೆ ರಕ್ತ ಮೂಡಿತು. ಅವನು ಕದಲಲಿಲ್ಲ. ನರ್ಸು ಹತ್ತು ಎಣಿಸಿದಳು.

"ಸಾಕು, ಕೂರಿಸಿ."

ಕೆಂಚಮ್ಮ ಬಾಯಿ ತೆಗೆದು, "ಇನ್ನೊಂದ್ ಚಣ ನಿಂತ್ಕತೀನಿ," ಎಂದು, ಅದೇ ಜಾಗಕ್ಕೆ ಮತ್ತೆ ಹಲ್ಲಿಟ್ಟಳು.