ಪುಟ್ಟಸ್ವಾಮಯ್ಯನವರ ಡೈವಿಂಗ್ ವಾಚು

ಚಿಕ್ಕಬಳ್ಳಾಪುರದ ಗಣೇಶ್ ಪ್ರಸಾದರಿಗೆ ಈಜು ಬರುತ್ತಿರಲಿಲ್ಲ. ಸಮುದ್ರವನ್ನು ಅವರು ನೋಡಿದ್ದು ಒಂದೇ ಸಲ, ಅದೂ ಮುರುಡೇಶ್ವರದಲ್ಲಿ, ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು. ಆದರೂ ಅವರ ಬೀರುವಿನಲ್ಲಿ, ಹೆಂಡತಿ ಮಹತಿಯ ರೇಷ್ಮೆ ಸೀರೆಗಳ ಪಕ್ಕ, ಸಮುದ್ರದಲ್ಲಿ ಮುಳುಗುವವರಿಗೆಂದೇ ಐವತ್ತು ಅರವತ್ತು ವರ್ಷಗಳ ಹಿಂದೆ ತಯಾರಾದ ಹಲವು ಕೈಗಡಿಯಾರಗಳಿದ್ದವು. ಎಲ್ಲದರ ಮೇಲೂ ‘ಇನ್ನೂರು ಮೀಟರ್’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆ ಜಿಲ್ಲೆಯಲ್ಲಿ ಇನ್ನೂರು ಮೀಟರ್ ಆಳಕ್ಕೆ ಇಳಿಯುವುದು ಬೋರ್‌ವೆಲ್ಲಿನ ಮೋಟಾರು ಮಾತ್ರ. ಗಣೇಶ್ ಪ್ರಸಾದರು ನಾಲ್ಕು ಹನಿ ಮಳೆ ಬಿದ್ದರೂ ವಾಚನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಇಂಥ ವಾಚುಗಳ ಬೆಲೆ ಇರುವುದು ಮುಖದಲ್ಲಿ. ಬಿಸಿಲು, ಉಪ್ಪುಗಾಳಿ ತಾಗಿ ಕಪ್ಪು ಡಯಲ್ ಕಂದಾಗಬೇಕು. ಅಂಕಿಗಳ ಬಿಳಿ ಬಣ್ಣ ಬೆಲ್ಲದ ಪಾಕದಂತಾಗಬೇಕು. ಅದಕ್ಕೆ ಪ್ಯಾಟಿನಾ ಎಂದು ಹೆಸರು.

“ವಯಸ್ಸಾಗೋದ್ರಲ್ಲೇ ಸೌಂದರ್ಯ ಇರೋದು ಕಣೇ,” ಎಂದು ಅವರು ಒಂದು ಭಾನುವಾರ ಮಹತಿಗೆ ವಿವರಿಸಿದರು. ಆಗ ಅವರ ತಲೆಗೂದಲಿಗೆ ಕಪ್ಪು ಬಣ್ಣ ಹಚ್ಚಿತ್ತು. ಅದು ಒಣಗಲೆಂದು ಕೊರಳಿಗೆ ಪೇಪರು ಸುತ್ತಿಕೊಂಡು ಕೂತಿದ್ದರು.

“ನಮ್ಮ ಗ್ಯಾಸ್ ಸ್ಟವ್‌ಗೂ ಪ್ಯಾಟಿನಾ ಬಂದಿದೆ ರೀ. ಬದಲಾಯಿಸಿ ಅಂದ್ರೆ ಕೇಳಲ್ಲ,” ಎಂದಳು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮಹತಿ.

ಇದೇ ಹುಚ್ಚಿನವರು ಕೆಲವರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದರು. ಗೌರಿಬಿದನೂರಿನಲ್ಲಿ ಪೈಪು, ಮೋಟಾರು ಮಾರುವ ವೆಂಕಟೇಶನ ಅಂಗಡಿಯ ಮಹಡಿಯಲ್ಲಿ ಭಾನುವಾರ ಸೇರುತ್ತಿದ್ದರು. ಚಿಂತಾಮಣಿಯ ಹಲ್ಲಿನ ಡಾಕ್ಟರು ಹರಿಣಿ ಅಲ್ಲಿ ತೀರ್ಪುಗಾರ್ತಿ. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೇ ತಂದು ಡಯಲ್‌ಗಳನ್ನು ಪರೀಕ್ಷಿಸುತ್ತಿದ್ದಳು. ವೆಂಕಟೇಶ ಎಲ್ಲಿಂದಲೋ ಕಂದು ಡಯಲ್ಲಿನದೊಂದು ತರಿಸಿದ ದಿನ ಎಲ್ಲರೂ ಎದ್ದು ನಿಂತು ನೋಡಿದರು. ಹರಿಣಿ ಗಣೇಶ್ ಪ್ರಸಾದರ ಕೈ ಕಡೆ ತಿರುಗಿ, “ನಿಮ್ದೂ ಚೆನ್ನಾಗಿದೆ ಸಾರ್. ಆದ್ರೆ ಏನೋ... ಹೊಸದರ ಥರ ಕಾಣುತ್ತೆ,” ಎಂದಳು.

ಅದಕ್ಕಿಂತ ದೊಡ್ಡ ಬೈಗುಳ ಆ ಬಳಗದಲ್ಲಿರಲಿಲ್ಲ. ಗಣೇಶ್ ಪ್ರಸಾದರು ಬಳಗಕ್ಕೆ ಇನ್ನೂ ತೋರಿಸದಿದ್ದ ಒಂದು ವಾಚನ್ನು ತಾರಸಿಯ ಮೇಲೆ, ಮಹತಿ ಒಣಹಾಕಿದ್ದ ಸಂಡಿಗೆಯ ಪಕ್ಕ ಇಟ್ಟರು. ಸಂಡಿಗೆ ಒಣಗಿತು, ಡಯಲ್ ಕಪ್ಪಾಗಿಯೇ ಉಳಿಯಿತು. ಕೊನೆಗೆ ಮೇಲೂರಿಗೆ ಹೋದರು. ಅಲ್ಲಿ ಅವರ ಪರಿಚಯದ ಗಂಗರಾಜು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಘಟಕ ಇಟ್ಟುಕೊಂಡಿದ್ದ. ವಾಚಿನ ಬೆನ್ನು ಸಡಿಲಿಸಿ, ಗೂಡು ಬೇಯುವ ಕಡೆ ಹಬೆಗೆ ತೂಗುಹಾಕಬೇಕೆಂದು ಕೇಳಿಕೊಂಡರು.

“ಯಾಕ್ ಸಾರ್, ವಾಚಿಗೆ ನೆಗಡಿ ಆಗಿದ್ಯಾ?” ಎಂದ ಗಂಗರಾಜು.

ತಿಂಗಳು ಕಳೆದು ತರುವಾಗ ಡಯಲ್ ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಬೂಷ್ಟಿನ ಚುಕ್ಕೆಗಳೆದ್ದಿದ್ದವು. ಹುಳುವಿನ ವಾಸನೆಯೂ ಸ್ವಲ್ಪ ಇತ್ತು.

ಹರಿಣಿ ಕನ್ನಡಿ ಹಿಡಿದು ನೋಡಿದಳು, ಮೂಸಿದಳು, ಕಣ್ಣು ಮುಚ್ಚಿಕೊಂಡಳು. “ಇದು ಸಮುದ್ರದ ಕೆಲಸ. ವಾಸನೆ ಕೂಡ ಇದೆ. ಯಾರು ಕಟ್ಟಿದ್ದ ವಾಚು ಸಾರ್ ಇದು?”

“ನಮ್ಮ ಚಿಕ್ಕಪ್ಪಂದು. ನೇವಿಲಿದ್ರು,” ಎಂಬ ಮಾತು ಗಣೇಶ್ ಪ್ರಸಾದರ ಬಾಯಿಂದ ತಾನಾಗಿ ಹೊರಬಿತ್ತು. ಚಿಕ್ಕಪ್ಪ ಪುಟ್ಟಸ್ವಾಮಯ್ಯನವರು ರೇಷ್ಮೆ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು.

“ಇದಾರಾ ಅವ್ರು?” ಎಂದ ವೆಂಕಟೇಶ.

ಬದುಕಿರುವ ಹಿರಿಯರನ್ನು ಸಾಯಿಸಲು ನಾಲಿಗೆ ಬರಲಿಲ್ಲ. “ಇದಾರೆ. ಚಿಂತಾಮಣೀಲಿ, ಮಗಳ ಮನೇಲಿ.”

ಹಾಗಾದರೆ ಅವರಿಗೊಂದು ಸನ್ಮಾನ ಮಾಡಲೇಬೇಕೆಂದು ಅಲ್ಲೇ ತೀರ್ಮಾನವಾಯಿತು. ಮರುದಿನ ಗಣೇಶ್ ಪ್ರಸಾದರು ಚಿಂತಾಮಣಿಗೆ ಓಡಿ ಎಲ್ಲವನ್ನೂ ಹೇಳಿಕೊಂಡರು.

“ಈ ವಯಸ್ಸಲ್ಲಿ ನನ್ ಕೈಲಿ ಸುಳ್ಳು ಹೇಳಿಸ್ತೀಯೇನೋ?” ಎಂದು ಪುಟ್ಟಸ್ವಾಮಯ್ಯ ಸಿಡುಕಿದರು. ಆಮೇಲೆ ತಲೆ ಸವರಿಕೊಂಡು, “ಪೇಟ ಹಾಕ್ತಾರಾ?” ಎಂದರು.

“ಹಾಕ್ತಾರೆ ಚಿಕ್ಕಪ್ಪ. ಮೈಸೂರು ಪೇಟ. ಶಾಲು, ಹಾರ ಎಲ್ಲ.”

“ನಾನು ರಿಟೈರಾದ ದಿನ ಇನ್ನೂ ಮೂರು ಜನ ರಿಟೈರಾದ್ರು ಕಣೋ. ನಾಲ್ಕು ಜನಕ್ಕೂ ಒಂದೇ ಹಾರ. ನನ್ ಕತ್ತಿಂದ ತೆಗೆದು ಪಕ್ಕದವನಿಗೆ ಹಾಕಿದ್ರು,” ಎಂದು ಗೋಡೆ ನೋಡಿದರು. “ಯಾವತ್ತು ಬರ್ಬೇಕು?”

ಸಮಾರಂಭದಲ್ಲಿ ಎರಡು ಮಾತಾಡಿ ಎಂದರೆ ಪುಟ್ಟಸ್ವಾಮಯ್ಯ ಕಾಫಿ ಆರಿಹೋಗುವಷ್ಟು ಹೊತ್ತು ಮಾತಾಡಿದರು. “ಕೆಳಗೆ ಹೋದಂಗೆಲ್ಲ ಕತ್ತಲೆ. ಈ ವಾಚಿನ ಬೆಳಕು ಬಿಟ್ರೆ ಏನಿಲ್ಲ. ನೋಡ್ತೀನಿ, ಎಮ್ಮೆ ಗಾತ್ರದ ಮೀನು ಎದುರಿಗೆ ಬಂದು ನಿಂತಿದೆ.”

“ಅಯ್ಯೋ! ಏನ್ ಮಾಡಿದ್ರಿ?” ಎಂದಳು ಹರಿಣಿ.

“ಇವತ್ತು ಆಗಲ್ಲ, ನಾಳೆ ಬಾ ಅಂದೆ. ಹೊರಟುಹೋಯ್ತು.”

ಸುಳ್ಳು ಸಿಕ್ಕಿಬಿತ್ತು ಎಂದುಕೊಂಡರು ಗಣೇಶ್ ಪ್ರಸಾದರು. ಆದರೆ ಮಹಡಿ ಅದುರುವಂತೆ ಚಪ್ಪಾಳೆ ಬಿತ್ತು. ವೆಂಕಟೇಶನಿಗೆ ಕಣ್ಣು ತುಂಬಿ ಬಂತು. ಅವನು ಮೇಜಿನ ಮೇಲಿದ್ದ ವಾಚನ್ನು ಎತ್ತಿಕೊಂಡು, “ಇದು ಇರ್ಬೇಕಾದ್ದು ಇವರ ಕೈಯಲ್ಲೇ,” ಎಂದು ಹಿರಿಯರ ಮಣಿಕಟ್ಟಿಗೆ ಕಟ್ಟಿಬಿಟ್ಟ. ಗಣೇಶ್ ಪ್ರಸಾದರೂ ಚಪ್ಪಾಳೆ ತಟ್ಟಬೇಕಾಯಿತು.

ವಾಪಸು ಬರುವಾಗ ಕಾರಿನಲ್ಲಿ ಮೆಲ್ಲಗೆ, “ಚಿಕ್ಕಪ್ಪ, ಆ ವಾಚು...” ಎಂದರು.

“ಎಲ್ಲರೆದುರಿಗೆ ಕಟ್ಟಿದ್ದು ಕಣೋ. ಬಿಚ್ಚಿದ್ರೆ ಅವ್ರಿಗೆ ಅವಮಾನ ಆಗಲ್ವಾ?” ಎಂದು ಪುಟ್ಟಸ್ವಾಮಯ್ಯ ಪೇಟ ಸರಿಮಾಡಿಕೊಂಡರು.

ಅಂದಿನಿಂದ ಅವರು ಸ್ನಾನಕ್ಕೂ ವಾಚು ಬಿಚ್ಚಲಿಲ್ಲ. ಒಳಗೆ ನೀರು ಸೇರಿತು, ಮುಳ್ಳುಗಳು ನಿಂತವು. ವೆಂಕಟೇಶ ಪ್ರತಿ ಭಾನುವಾರವೂ ಕಾರು ಕಳಿಸಿ ಅವರನ್ನು ಕರೆಸಿಕೊಳ್ಳತೊಡಗಿದ. ಡಯಲ್ ವಾರವಾರಕ್ಕೂ ಮಾಗುತ್ತಿರುವುದನ್ನು ಹರಿಣಿ ಫೋಟೋ ತೆಗೆದಿಟ್ಟುಕೊಳ್ಳುತ್ತಿದ್ದಳು. ಗಣೇಶ್ ಪ್ರಸಾದರ ಬಳಿ ಇದ್ದ ವಾಚುಗಳನ್ನು ಕೇಳುವವರೇ ಇರಲಿಲ್ಲ.

“ನಿಜ ಹೇಳಿಬಿಡಿ ರೀ, ನಿದ್ದೆನಾದ್ರೂ ಬರುತ್ತೆ,” ಎಂದಳು ಮಹತಿ.

ಮುಂದಿನ ಭಾನುವಾರ ಅವರು ಧೈರ್ಯ ಮಾಡಿ ಎದ್ದು ನಿಂತರು. ಚಿಕ್ಕಪ್ಪ ನೇವಿಯಲ್ಲಿರಲಿಲ್ಲ, ಡಯಲ್ ಕಂದಾಗಿದ್ದು ಮೇಲೂರಿನ ಹಬೆಯಿಂದ, ವಾಚು ತನ್ನದೇ ಎಂದು ಒಂದೇ ಉಸಿರಿಗೆ ಹೇಳಿದರು. ಎಲ್ಲರೂ ಪುಟ್ಟಸ್ವಾಮಯ್ಯನವರ ಮುಖ ನೋಡಿದರು.

“ಒಂದು ವಾಚಿಗೋಸ್ಕರ ಅಷ್ಟು ದೊಡ್ಡವರ ಮೇಲೆ ಹಿಂಗ್ ಹೇಳೋದಾ ಸಾರ್?” ಎಂದಳು ಹರಿಣಿ.

“ಬಿಡಮ್ಮ,” ಎಂದರು ಪುಟ್ಟಸ್ವಾಮಯ್ಯ ಶಾಂತವಾಗಿ. “ನಮ್ಮಣ್ಣನ ಮಗ. ಚಿಕ್ಕಂದಿನಿಂದ್ಲೂ ಅವನಿಗೆ ಕಂಡಿದ್ದೆಲ್ಲ ಬೇಕು.”

ವೆಂಕಟೇಶ ಗಣೇಶ್ ಪ್ರಸಾದರಿಗೆ ಕಾಫಿ ಕೊಡುವುದನ್ನೂ ಮರೆತ.

ಅಂದು ವೆಂಕಟೇಶನ ಕಾರಿಗೆ ಡ್ರೈವರ್ ಇರಲಿಲ್ಲವಾಗಿ ಚಿಕ್ಕಪ್ಪನನ್ನು ಚಿಂತಾಮಣಿಗೆ ಬಿಡುವ ಕೆಲಸ ಗಣೇಶ್ ಪ್ರಸಾದರಿಗೇ ಬಂತು. ಕಾರು ಚಿಕ್ಕಬಳ್ಳಾಪುರ ದಾಟಿತು. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳು ಬಂದಾಗ ಪುಟ್ಟಸ್ವಾಮಯ್ಯ ಕೆಮ್ಮಿದರು.

“ಕೋಪ ಮಾಡ್ಕೋಬೇಡ್ವೋ ಗಣೇಶ. ಮನೇಲಿ ನಾನು ಬಾಯಿ ಬಿಟ್ರೆ ಟಿವಿ ಸೌಂಡು ಜಾಸ್ತಿ ಮಾಡ್ತಾರೆ. ಅಲ್ಲಿ ಹಂಗಲ್ಲ, ಉಸಿರು ಬಿಗಿಹಿಡ್ಕೊಂಡು ಕೇಳ್ತಾರೆ.”

ಗಣೇಶ್ ಪ್ರಸಾದರು ಎದುರಿಗೆ ಬಂದ ಬಸ್ಸಿಗೆ ದಾರಿ ಬಿಟ್ಟರು.

“ಮುಂದಿನ ವಾರ ಸಬ್‌ಮರೀನ್ ಬಗ್ಗೆ ಹೇಳ್ಬೇಕಂತೆ,” ಎಂದರು ಚಿಕ್ಕಪ್ಪ ಇನ್ನೂ ತಗ್ಗಿದ ದನಿಯಲ್ಲಿ. “ಅದರೊಳಗೆ ಕಕ್ಕಸು ಎಲ್ಲಿರುತ್ತೆ, ಊಟ ಹೆಂಗೆ, ಏನೂ ಗೊತ್ತಿಲ್ಲ ನಂಗೆ. ಆ ಡಾಕ್ಟರಮ್ಮ ಕೇಳೇ ಕೇಳ್ತಾಳೆ.”

ಗಣೇಶ್ ಪ್ರಸಾದರು ಕಾರನ್ನು ಹುಣಸೆಮರದ ನೆರಳಿಗೆ ಇಳಿಸಿ ನಿಲ್ಲಿಸಿದರು. ಜೇಬಿನಿಂದ ಮೊಬೈಲ್ ತೆಗೆದು, ಕನ್ನಡಕ ಹಾಕಿಕೊಂಡು, ಹುಡುಕಿ, ಚಿತ್ರ ದೊಡ್ಡದು ಮಾಡಿ ಚಿಕ್ಕಪ್ಪನ ಕಡೆ ಹಿಡಿದರು.

“ನೋಡಿ ಚಿಕ್ಕಪ್ಪ, ಮಲಗೋದು ಇಲ್ಲಿ. ಒಬ್ಬರ ಮೇಲೆ ಒಬ್ಬರು, ರೈಲಿನ ಬರ್ತ್ ಥರ.”